ಉಪಕಾರಿ ಹುಳ

"ಹೊಡೀಲೋ ಬೇಡ್ವೋ, ಒಂದು ಹೇಳ್ಬಿಡಿ ಸಾರ್!" ಏಣಿಯ ಮೇಲೆ ನಿಂತು ನಿಂತು ಔಷಧಿ ಹೊಡೆಯುವವನ ಕಾಲು ಜೋಮು ಹಿಡಿದಿತ್ತು. ಪಂಪಿನ ಮೂತಿ ಗೋಡೆಯ ಬಿರುಕಿಗೆ ಗುರಿಯಿಟ್ಟಿತ್ತು. ಬಿರುಕಿನೊಳಗೆ ಒಂದೇ ಸಮನೆ ಗುಂಯ್‌ಗುಡುವ ಸದ್ದು.

"ಕಡಜ ಆದ್ರೆ ಹೊಡಿಯಪ್ಪ, ಜೇನಾದ್ರೆ ಮುಟ್ಬೇಡ," ಎಂದು ಕೆಳಗಿದ್ದ ಯಜಮಾನ ಮತ್ತೆ ಅದೇ ರಾಗ ಎಳೆದ. "ಜೇನು ಉಪಕಾರಿ."

ಹೆಂಡತಿಗೆ ರೇಗಿಹೋಯಿತು. "ಉಪಕಾರಕ್ಕೆ ಬರೋರು ಮಾತ್ರ ಬದುಕ್ಬೇಕು ಅಂದ್ರೆ, ಒಳಗೆ ಬಿದ್ಕೊಂಡಿರೋ ನಿಮ್ಮ ತಮ್ಮನ ಗತಿ ಏನ್ರೀ?"

ಅವನು ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಕುತ್ತಿಗೆಗೆ ಚುರುಕ್ಕೆಂದಿತು. "ಅಯ್ಯಪ್ಪಾ!" ಎನ್ನುತ್ತಲೇ ಪಟಾರನೆ ಹೊಡೆದುಕೊಂಡು ಮುಷ್ಟಿ ಬಿಗಿದ. ಅವಳು ಅವನ ತಲೆ ಬಗ್ಗಿಸಿ, ಕಚ್ಚಿದಲ್ಲಿ ಉಳಿದಿದ್ದ ಮುಳ್ಳನ್ನು ಉಗುರಿನಿಂದ ಕಿತ್ತು ತೋರಿಸಿದಳು.

"ಕಡಜ ಮುಳ್ಳು ಬಿಟ್ಟುಹೋಗಲ್ಲಮ್ಮ. ಅದು ಜೇನೇ," ಎಂದ ಏಣಿಯ ಮೇಲಿದ್ದವನು.

"ನಾನು ಬಡ್ಕೊಳ್ಲಿಲ್ವಾ? ಇಳಿಯಪ್ಪ, ಇಳಿ! ಒಂದು ಜೇನೂ ಸಾಯ್ಬಾರ್ದು!" ಯಜಮಾನ ಉರಿಯನ್ನೂ ಮರೆತು ಕುಣಿದಾಡಿದ.

ಅವಳು ಅವನ ಮುಷ್ಟಿ ಬಿಡಿಸಿ, ಅಂಗೈಯನ್ನು ಅವನ ಮೂಗಿನ ಮುಂದೆಯೇ ಹಿಡಿದಳು. ಹುಳ ಅಲ್ಲಿ ಅಪ್ಪಚ್ಚಿಯಾಗಿ ಅಂಟಿಕೊಂಡಿತ್ತು.

"ಇದಕ್ಕೆ ಹೊಡೆಯೋವಾಗ ಕೇಳಿದ್ರಾ, ಜೇನೋ ಕಡಜಾನೋ ಅಂತ?"