ಕಾಲಿಗೆ ಕೆಂಪು ದಾರ

ತಿರುವಿನಲ್ಲೇ ಕಾಸ್ತಾ ನಿಂತುಬಿಟ್ಟಳು. ಮೇಲೆ, ಬಸಿಲಿಯಾಳ ಹಿತ್ತಿಲ ಗೋಡೆಯ ಮೇಲೆ, ಒಂದು ಕೋಳಿ ಕೈಯಿಂದ ಕೈಗೆ ದಾಟುತ್ತಿತ್ತು. ಅದರ ಹಿಂದೆ ಹಿಟ್ಟಿನ ಮೂಟೆ. ಮೂಟೆಯ ಹಿಂದೆ ರೇಡಿಯೋ. ಗೋಡೆಯಾಚೆ ಯಾರದೋ ಬಿಳಿ ಟೋಪಿ ಒಮ್ಮೆ ಕಂಡು ಮಾಯವಾಯಿತು.

ಸಿಕ್ಕಿಬಿದ್ದಳು, ಎಂದುಕೊಂಡಳು ಕಾಸ್ತಾ.

ಕೊಚಬಾಂಬಾ ನಗರದ ಈ ಗುಡ್ಡದ ಮೇಲೆ 'ತಾಯಂದಿರ ಮನೆ' ಎಂಬ ಸಂಸ್ಥೆಯಿದೆ. ಅದು ದಾನ ಕೊಡುವುದಿಲ್ಲ. ಇಲ್ಲದವರಿಗೆ ಕಸುಬು ಕಲಿಸುತ್ತದೆ. ಬ್ರೆಡ್ ಸುಡುವ ದೊಡ್ಡ ಗ್ಯಾಸ್ ಒಲೆಯನ್ನು ಮನೆಗೇ ತಂದಿಡುತ್ತದೆ. ಆ ಮನೆ ಸ್ವಂತ ಕಾಲ ಮೇಲೆ ನಿಂತಿತೋ, ಒಲೆ ಸರದಿಯಲ್ಲಿ ಮುಂದಿನವಳಿಗೆ. ಅದಕ್ಕೂ ಮೊದಲು ತಾನಾಗಿಯೇ ಬಿಟ್ಟುಕೊಡುತ್ತೇನೆಂದರೂ ಸಂಸ್ಥೆ ಒಪ್ಪುವುದಿಲ್ಲ. ಹಿಂದೊಮ್ಮೆ ಒಬ್ಬಳನ್ನು ಅವಳ ಮೈದುನನೇ ಹೆದರಿಸಿ ಒಲೆ ಬಿಡಿಸಿಕೊಂಡಿದ್ದ. ಅಂದಿನಿಂದ ಸಂಸ್ಥೆ ನಡೆಸುವ ಕಾಸ್ತಾ ಹೇಳದೆ ಕೇಳದೆ ಹೋಗಿ, ಕಣ್ಣಾರೆ ಕಂಡ ಮೇಲೆಯೇ ತೀರ್ಮಾನಿಸುತ್ತಾಳೆ.

ಕಂಡದ್ದೇನು? ಒಲೆ ಕೈತಪ್ಪುತ್ತದೆಂದು ಮಂಚದಡಿ ಟಿವಿ ತುರುಕುವವರು, ಹಂದಿಯನ್ನು ಪಕ್ಕದ ಮನೆಗೆ ಅಟ್ಟುವವರು. ಇವರನ್ನೆಲ್ಲ ನೋಡಿ ನೋಡಿ ಕಾಸ್ತಾಳ ನಾಲಿಗೆ ಕಹಿಯಾಗಿತ್ತು.

ಇವತ್ತಂತೂ ತಡೆಯಲಾರದ ಸಿಟ್ಟು. ಈಗ ಬಸಿಲಿಯಾಳ ಬಳಿಯಿರುವ ಒಲೆಗೆ ಸರದಿಯಲ್ಲಿ ಮುಂದಿದ್ದವಳು ಫೆಲಿಪಾ. ಕಾದು ಕಾದು ಸೋತು, ಪರದೇಶದ ಬುವೆನೋಸ್ ಐರಿಸ್‌ನ ಹೊಲಿಗೆ ಕಾರ್ಖಾನೆಗೆ ಹೋಗಲು ಭಾನುವಾರದ ಬಸ್ಸಿಗೆ ಟಿಕೆಟ್ ತೆಗೆದಿದ್ದಳು. ಮೂರು ವರ್ಷದ ಮಗಳನ್ನು ಅನಾಥಾಲಯದಲ್ಲಿ ಬಿಟ್ಟು.

ಈ ಭೇಟಿಯ ಸುದ್ದಿ ಕಾಸ್ತಾ ಹೊರಗೆ ಯಾರಿಗೂ ಬಿಟ್ಟಿರಲಿಲ್ಲ. ಬೆಳಿಗ್ಗೆ ಅಮ್ಮ ಲೋಟಕ್ಕೆ ಜೋಳದ ಬಿಸಿ ಆಪಿ ಗಂಜಿ ಬಗ್ಗಿಸುತ್ತಾ, "ಇವತ್ತು ಯಾರ ಮನೆ ಮೇಲೆ ದಾಳಿ?" ಎಂದು ಚುಡಾಯಿಸಿದಾಗ ಮಾತ್ರ ಬಾಯಿಬಿಟ್ಟಿದ್ದಳು. ಆಮೇಲೆ ಸಂಸ್ಥೆಯ ಬಾಗಿಲು ತೆಗೆದು, ಸುತ್ತು ದಾರಿ ಹಿಡಿದು ಇಲ್ಲಿಗೆ ಬಂದಿದ್ದಳು.

ಬಾಗಿಲು ತಟ್ಟಲಿಲ್ಲ; ನೂಕಿಕೊಂಡೇ ಒಳಹೊಕ್ಕಳು.

ಅಂಗಳದ ನಡುವೆ ಬಸಿಲಿಯಾ ಬೆವರುತ್ತ ನಿಂತಿದ್ದಳು. ಕಂಕುಳಲ್ಲಿ ರೇಡಿಯೋ.

"ಡೋನ್ಯಾ ಕಾಸ್ತಾ! ಇಷ್ಟು ಬೇಗ ಬಂದ್ಬಿಟ್ರಾ?"

"ಯಾಕೆ, ಇನ್ನೂ ಸಾಗಿಸೋದು ಬಾಕಿ ಇತ್ತಾ?"

ಬಸಿಲಿಯಾ ರೇಡಿಯೋ ಕೆಳಗಿಟ್ಟಳು. ಗೋಡೆಯ ಬುಡದಲ್ಲಿ ಹೊಲಿಗೆ ಬಿಚ್ಚದ ಹಿಟ್ಟಿನ ಮೂಟೆಗಳು. ಕಂಬಕ್ಕೆ ಕಟ್ಟಿದ ಕೋಳಿಗಳು, ಪ್ರತಿಯೊಂದರ ಕಾಲಿಗೂ ಕೆಂಪು ಉಣ್ಣೆದಾರ. ಹೊಸ ಕೋಳಿ ತಂದರೆ ಮನೆ ರೂಢಿಯಾಗುವವರೆಗೆ ಇಲ್ಲಿ ಹಾಗೆಯೇ ಕಟ್ಟುವುದು. ದಾರ ಇನ್ನೂ ಹೊಸತು, ಮಣ್ಣು ಕೂಡ ಮೆತ್ತಿರಲಿಲ್ಲ.

"ಕೋಳಿ ಮೇಲೆ ಕೋಳಿ ಕೊಳ್ತಾ ಇದೀಯ. ನಾನು ಬಂದ್ರೆ ಮಾತ್ರ ಬಡವಿ, ಅಲ್ವಾ?"

ಚುಕ್ಕೆ ಕೋಳಿಯೊಂದು ದಾರದ ಉದ್ದಕ್ಕೂ ಎಳೆದಾಡಿ ಬಂದು ಕಾಸ್ತಾಳ ಚಪ್ಪಲಿ ಕುಕ್ಕಿತು. ಸಲಿಗೆಯಿಂದ, ಮತ್ತೆ ಮತ್ತೆ. ಅವಳು ಕಾಲಿಂದ ಸರಿಸಿದಳು. ಕತ್ತಲಲ್ಲಿ ಮನೆ ಬಿಟ್ಟು ಕತ್ತಲಲ್ಲಿ ಮನೆ ಸೇರುವವಳಿಗೆ ಕೋಳಿಗಳೊಡನೆ ಎಂಥ ಬಳಕೆ?

ಬಾಗಿಲ ಬಳಿ ಹಗ್ಗದ ಮೇಲೆ ಹಳೆಯ ಪಟ್ಟೆ ಬಟ್ಟೆಯೊಂದು ಒಣಗುತ್ತಿತ್ತು. ಸಂತೆಯಲ್ಲಿ ಬಸಿಲಿಯಾ ಬೆನ್ನ ಮೇಲೆ ಹೊರೆ ಹೊರುತ್ತಿದ್ದ ಕಾಲದ್ದು.

"ಇದನ್ಯಾಕೆ ಇನ್ನೂ ಇಟ್ಕೊಂಡಿದೀಯ?"

"ಬೇಕಾಗತ್ತೆ, ಡೋನ್ಯಾ."

"ನಾಟಕ ಸಾಕು. ಅಲ್ಲಿ ಫೆಲಿಪಾ ಮಗೂನ ಬಿಟ್ಟು ಹೋಗ್ತಾ ಇದಾಳೆ. ನಿಮ್ಮಮ್ಮ ಹಾಗೇ ಹೋಗಿ ತಿರುಗಿ ಬರ್ಲಿಲ್ಲ. ಬಸ್ ಸ್ಟ್ಯಾಂಡಲ್ಲಿ ಬಿದ್ದು ಹೊರಳಾಡಿ ಅಳ್ತಿದ್ದೆ ನೀನು. ಮರೆತ್ಯಾ?"

"ಮರೆತಿಲ್ಲ."

"ಹಾಗಾದ್ರೆ ಬಾಯಿಬಿಟ್ಟು ಹೇಳು. ನಿನಗಿನ್ನು ಈ ಒಲೆ ಬೇಕಾ, ಬೇಡ್ವಾ?"

ಬಸಿಲಿಯಾ ಒಲೆಯ ಕಡೆ ನೋಡಿದಳು. ಬಾಗಿಲು, ಹಿಡಿ, ಮೂಲೆ ಎಲ್ಲ ಫಳಫಳ ಉಜ್ಜಿ ಇಟ್ಟಿದ್ದಳು. ಕಣ್ಣಲ್ಲಿ ನೀರು ತುಂಬಿತು. ಕಾಸ್ತಾಳಿಗೆ ಮೈಯೆಲ್ಲ ಉರಿಯಿತು.

"ನೀವು ಕಣ್ಣಾರೆ ನೋಡಿದ್ರಲ್ಲ," ಎಂದಳು ಬಸಿಲಿಯಾ. "ನನ್ಹತ್ರ ಎಲ್ಲಾ ಇದೆ. ಇವತ್ತೇ ತಗೊಂಡ್ಹೋಗಿ."

ಮಧ್ಯಾಹ್ನದೊಳಗೆ ಒಲೆ ಇಳಿಜಾರು ಇಳಿದು ಫೆಲಿಪಾಳ ಮನೆ ಸೇರಿತು. ಫೆಲಿಪಾ ಟಿಕೆಟ್ ಹರಿದು ಮಗಳನ್ನು ಅವುಚಿಕೊಂಡು ಅತ್ತಳು. ನ್ಯಾಯ ದೊರಕಿಸಿಕೊಟ್ಟ ಹೆಮ್ಮೆಯಿಂದ ಕಾಸ್ತಾ, ಎಂದೂ ಇಲ್ಲದವಳು, ಅಂದು ಸಂಜೆ ಬೆಳಕಿರುವಾಗಲೇ ಮನೆಗೆ ಬಂದಳು.

ಅಮ್ಮ ಹೊಸ್ತಿಲ ಮೇಲೆ ಕೂತು ದಾರಿ ನೋಡುತ್ತಿದ್ದಳು. ಬಿಳಿ ಟೋಪಿ ಇನ್ನೂ ತಲೆಯ ಮೇಲೇ ಇತ್ತು.

"ಒಲೆ ಫೆಲಿಪಾಗೆ ಸೇರ್ತಾ?"

"ಸೇರಿತು. ಆ ಬಸಿಲಿಯಾ ಎಂಥ ಕಳ್ಳಿ ಗೊತ್ತಾಮ್ಮ? ಮನೆತುಂಬಾ ಸಾಮಾನು! ನಾ ಬರೋ ಹೊತ್ತಿಗೆ ಬಚ್ಚಿಡ್ತಾ ಇದ್ಲು."

ಅಮ್ಮ ಎದ್ದಳು. ಗೇಟನ್ನು ಇನ್ನಷ್ಟು ತೆರೆದಿಟ್ಟಳು.

ಗುಡ್ಡದ ಮೇಲಿಂದ ಚುಕ್ಕೆ ಕೋಳಿಯೊಂದು ತುಂಡು ಕೆಂಪು ದಾರ ಎಳೆಯುತ್ತಾ ಇಳಿದು ಬಂತು. ಕಾಸ್ತಾಳ ಚಪ್ಪಲಿಯನ್ನು ಒಮ್ಮೆ ಕುಕ್ಕಿ, ನೇರ ಒಳಗೆ ನಡೆಯಿತು.

ಅಮ್ಮ ಅದನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಕಾಲಿನ ದಾರ ಬಿಚ್ಚಿದಳು. "ಬಂದ್ಯಾ ನನ್ನವ್ವ? ಬಸಿಲಿಯಾ ಮನೆ ನೆಂಟಸ್ತನ ಮುಗೀತಾ?"