ಒಂದಡಿ ಬೆಳಕು

"ಕೈ ಹಾಕಿದ್ದು ನೀನೇ. ಒಪ್ಕೊ!"

ಭೌತಶಾಸ್ತ್ರದ ಮೇಷ್ಟ್ರು ಗಣಪಯ್ಯ ಮೇಜು ಗುದ್ದಿದರು. ಅದರ ಮೇಲಿದ್ದ ಯಂತ್ರ ಅದುರಿತು. ಎದುರಿಗೆ ಅಟೆಂಡರ್ ಜಟ್ಟಪ್ಪ ಲೋಹ ಉಜ್ಜುವ ಅರ ಹಿಡಿದು ನಿಂತಿದ್ದ. ಕೊಪ್ಪದ ಆ ಕಾಲೇಜಿನ ಪ್ರಯೋಗಾಲಯದಲ್ಲಿ ಅವನದು ಹನ್ನೊಂದು ವರ್ಷದ ದಿನಗೂಲಿ. ಬರುವ ತಿಂಗಳು ಕೆಲಸ ಕಾಯಂ ಆಗುವುದರಲ್ಲಿತ್ತು.

"ನಾನು ಮುಟ್ಲಿಲ್ಲ ಸಾರ್."

"ಮುಖ ನೋಡಿ ಮಾತಾಡು!"

"ನೋಡ್ತಾನೇ ಇದೀನಲ್ಲ ಸಾರ್."

ಎಂಥ ಸೊಕ್ಕು, ಅಂದುಕೊಂಡರು ಗಣಪಯ್ಯ.

ಯಂತ್ರವೆಂದರೆ ಲೇಸರ್. ಮೇಷ್ಟ್ರು ಮೂರು ವರ್ಷದಿಂದ ಅದರ ಬೆನ್ನು ಹತ್ತಿದ್ದರು. ಒಂದಡಿ ಉದ್ದದ ಎರಡು ಅಲ್ಯೂಮಿನಿಯಂ ಪಟ್ಟಿ, ನಡುವೆ ಒಂದು ನಾಣ್ಯ ಹಿಡಿಸುವಷ್ಟು ಸಂದು. ಸಾವಿರಾರು ವೋಲ್ಟ್ ವಿದ್ಯುತ್ತು ರೆಪ್ಪೆ ಮಿಟುಕಿಸುವುದರೊಳಗೆ ಆ ಸಂದನ್ನು ದಾಟಬೇಕು. ಅದೂ ಒಂದೇ ಕಡೆ ಕಿಡಿಯಾಗಿ ಅಲ್ಲ, ಉದ್ದಕ್ಕೂ ಒಂದೇ ಸಮನಾಗಿ. ಹಾಗೆ ದಾಟಿದರೆ ಸಂದಿನಲ್ಲಿರುವ ಗಾಳಿಯೇ ಲೇಸರ್ ಆಗುತ್ತದೆ. ಅಂಚು ಕೂದಲೆಳೆಯಷ್ಟು ಏರುಪೇರಾದರೂ ವಿದ್ಯುತ್ತೆಲ್ಲ ಹತ್ತಿರದ ಜಾಗ ಹುಡುಕಿ ಅಲ್ಲಿಗೇ ನುಗ್ಗುತ್ತದೆ. ಉಳಿದ ಕಡೆ ಕತ್ತಲೆ.

ಮೊದಲೆರಡು ವರ್ಷ ಬರೀ ಕಿಡಿಯೇ. ವೆಲ್ಡಿಂಗಿನಂಥ ಕಿಡಿ. ಗಣಪಯ್ಯ ಗೇಣು ದೂರದಲ್ಲಿ ಮುಖವಿಟ್ಟು ಅದನ್ನೇ ದಿಟ್ಟಿಸುತ್ತಿದ್ದರು. ಕಾಲೇಜು ಎರಡು ಕಪ್ಪು ಕನ್ನಡಕ ತರಿಸಿಕೊಟ್ಟಿತ್ತು. ಒಂದನ್ನು ಜಟ್ಟಪ್ಪ ಹಾಕಿಕೊಂಡ. ಇನ್ನೊಂದು ಡಬ್ಬಿಯಿಂದ ಹೊರಗೇ ಬರಲಿಲ್ಲ.

"ಕಣ್ಣಿಗೆ ಕಪ್ಪು ಗಾಜು ಕಟ್ಕೊಂಡು ವಿಜ್ಞಾನ ಮಾಡೋದಕ್ಕೆ ಆಗ್ತದೇನೋ ಮಾರಾಯ?" ಎಂದು ನಕ್ಕಿದ್ದರು. ಆಗಿನ್ನೂ ನಗುತ್ತಿದ್ದರು.

ಈಗ ನರಸಿಂಹರಾಜಪುರದ ಲೇತ್ ಅಂಗಡಿಯಲ್ಲಿ ಕೊಯ್ಯಿಸಿದ ಹೊಸ ಪಟ್ಟಿ ಬಂದಿತ್ತು. ಜಟ್ಟಪ್ಪ ಹದಿನೈದು ದಿನ ಕೂತು ಅಂಚು ಉಜ್ಜಿದ್ದ. ಯಂತ್ರ ಚಾಲೂ ಮಾಡಿದರೆ ಗಣಪಯ್ಯನವರಿಗೆ ಕಂಡದ್ದು ನಡುಮಧ್ಯೆ ಒಂದು ಕಪ್ಪು. ನಾಣ್ಯ ತೂರಿಸಿ ಎಳೆದು ನೋಡಿದರು. ಈ ತುದಿಯಿಂದ ಆ ತುದಿಗೆ ಒಂದೇ ಬಿಗಿಯಲ್ಲಿ ಜಾರಿತು.

"ನಂಗೆ ಸರಿಯಾಗೇ ಕಾಣ್ತದೆ ಸಾರ್," ಎಂದ ಜಟ್ಟಪ್ಪ.

"ಆ ಕನ್ನಡಕ ಹಾಕ್ಕೊಂಡವನಿಗೆ ಏನು ಕಾಣ್ತದೆ, ಮಣ್ಣು!"

ಮರುದಿನ ಎಡತುದಿಗೆ ಬಗ್ಗಿ ನೋಡಿದರೆ ಕಪ್ಪು ಅಲ್ಲಿತ್ತು. ಅದರ ಮರುದಿನ ಬಲತುದಿಯಲ್ಲಿ. ಅಂಚಿನ ದೋಷಕ್ಕೆ ಕಾಲು ಬರುವುದಿಲ್ಲ. ಯಾರೋ ದಿನಾ ಪಟ್ಟಿ ಅಲುಗಿಸುತ್ತಿದ್ದಾರೆ. ಪ್ರಯೋಗಾಲಯಕ್ಕೆ ಇದ್ದದ್ದು ಎರಡೇ ಕೀಲಿಕೈ. ಒಂದು ತಮ್ಮ ಹತ್ತಿರ, ಇನ್ನೊಂದು ಜಟ್ಟಪ್ಪನ ಹತ್ತಿರ.

ಸೋಮವಾರ ಬೆಂಗಳೂರಿನಿಂದ ತಜ್ಞರು ನೋಡಲು ಬರುವವರಿದ್ದರು. ಗಣಪಯ್ಯನವರ ಸಿಟ್ಟು ಊರಿಗೆಲ್ಲ ಹಂಚಿಹೋಯಿತು. ಪೇಪರಿನವನನ್ನು ತಡೆದು, ಅಕ್ಷರ ಅರ್ಧಂಬರ್ಧ ಅಚ್ಚಾಗಿದೆ, ಇದಕ್ಕೆ ದುಡ್ಡು ಬೇರೆ ಕೇಡು ಎಂದು ಬೈದರು. ಬಸ್ ಸ್ಟ್ಯಾಂಡಿನಲ್ಲಿ ಶೃಂಗೇರಿ ಬಸ್ಸಿನ ಕಂಡಕ್ಟರನಿಗೆ, "ಬೋರ್ಡಲ್ಲಿ ನಡುವಿನ ಅಕ್ಷರಾನೇ ಇಲ್ಲ, ನಾಚಿಕೆ ಆಗೋಲ್ವ?" ಎಂದರು.

"ಎಂತ ಸಾರ್, ಮೊನ್ನೆಯಷ್ಟೇ ಬರೆಸಿದ್ದು!"

ಸುಳ್ಳಿಗೂ ಒಂದು ಮಿತಿ ಬೇಡವೇ?

ಮನೆಯಲ್ಲಿ ಹೆಂಡತಿ ದೇವಕಿ ಕಾಫಿ ತಂದಿಟ್ಟರು.

"ಹಣೆಗೆ ಕುಂಕುಮ ಇಟ್ಕೊಳ್ಳೋದಕ್ಕೂ ಪುರುಸೊತ್ತಿಲ್ವ? ನಾನಿನ್ನೂ ಬದುಕಿದೀನಿ ಕಣೆ."

ದೇವಕಿ ಹಣೆ ಮುಟ್ಟಿಕೊಂಡರು. ಬೆರಳ ತುದಿ ನೋಡಿಕೊಂಡರು. ಒಳಗೆ ಹೋದರು. ಈ ದೇಶದಲ್ಲಿ ಯಾರಿಗೂ ಒಂದು ಕೆಲಸ ಪೂರ್ತಿ ಮಾಡುವ ಅಭ್ಯಾಸವಿಲ್ಲ ಎಂದು ಗಣಪಯ್ಯ ಗೊಣಗಿದರು.

ಶುಕ್ರವಾರ ಅವರು ಸಾಕ್ಷಿ ಸಿದ್ಧಪಡಿಸಿದರು. ಕಿಟಕಿ ಮುಚ್ಚಿ, ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ನಿಲ್ಲಿಸಿ, ಬೆಳಕು ಚಿಮ್ಮುವಾಗ ಫೋಟೋ ತೆಗೆದರು. ಕ್ಯಾಮೆರಾಕ್ಕೆ ಯಾರ ಮುಲಾಜೂ ಇಲ್ಲ. ಶನಿವಾರ ಸ್ಟುಡಿಯೋದ ಕವರು ಹರಿದು ನೋಡಿದರು. ಕಪ್ಪು ಅಲ್ಲೇ ಇತ್ತು, ನಡುಮಧ್ಯೆ. ಕಳ್ಳ ಸಿಕ್ಕಿಬಿದ್ದ. ನೇರ ಪ್ರಿನ್ಸಿಪಾಲರ ಕೋಣೆಗೆ ನಡೆದರು.

ಪ್ರಿನ್ಸಿಪಾಲ್ ಅನ್ನಪೂರ್ಣಮ್ಮನವರ ಮುಂದೆ, ಗಣಪಯ್ಯನವರ ದೂರಿನ ಮೇಲೆ ಜಟ್ಟಪ್ಪನನ್ನು ತೆಗೆದುಹಾಕುವ ಕಾಗದ ಟೈಪಾಗಿ ಬಂದಿತ್ತು. ರುಜು ಒಂದು ಬಾಕಿ. ಜಟ್ಟಪ್ಪನನ್ನೂ ಕರೆಸಿದ್ದರು.

"ಯಂತ್ರದ್ದೇ ದೋಷ ಇರಬಹುದಲ್ವ ಸಾರ್?"

"ನನ್ನ ವಿನ್ಯಾಸದಲ್ಲಾ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಯ್ತು ಇವನ ಕಥೆ!"

ಜಟ್ಟಪ್ಪನಿಗೂ ರೇಗಿತು. ಕೀಲಿಕೈ ತೆಗೆದು ಮೇಜಿನ ಮೇಲೆ ಬಿಸಾಕಿದ.

"ಹನ್ನೊಂದು ವರ್ಷ ನಿಮ್ಮ ಹಿಂದೆ ದುಡಿದೆ. ಕಳ್ಳ ಅಂತ ಹೇಳಿಸ್ಕೊಂಡು ನಮ್ಮೂರು ಕಮ್ಮರಡಿಗೆ ಯಾವ ಮುಖ ಇಟ್ಕೊಂಡು ಹೋಗ್ಲಿ? ನಾನು ಉಜ್ಜಿದ ಅಂಚು ಸರಿ ಇದೆ ಸಾರ್. ಈ ಕೈ ಸುಳ್ಳು ಹೇಳೋಲ್ಲ."

"ನೋಡಿ ಮೇಡಂ!" ಗಣಪಯ್ಯ ಫೋಟೋವನ್ನು ಮೇಜಿಗೆ ಅಪ್ಪಳಿಸಿದರು. "ನಡುವೆ ಕತ್ತಲೆ. ನಾನು ಹೇಳೋದು ಬೇಡ, ಕ್ಯಾಮೆರಾನೇ ಹೇಳ್ತದೆ. ರುಜು ಹಾಕಿ."

ಅನ್ನಪೂರ್ಣಮ್ಮ ಪೆನ್ನಿನ ಮುಚ್ಚಳ ತೆಗೆದಿದ್ದರು. ಫೋಟೋ ನೋಡಿದರು. ಮತ್ತೆ ನೋಡಿದರು. ಆಮೇಲೆ ಅದನ್ನು ಜಟ್ಟಪ್ಪನ ಕಡೆ ತಿರುಗಿಸಿದರು. ಜಟ್ಟಪ್ಪ ಬಗ್ಗಿ ನೋಡಿದ. ಅವನ ಮುಖದಲ್ಲಿದ್ದ ಸಿಟ್ಟೆಲ್ಲ ಇಳಿದುಹೋಯಿತು.

"ಏನು, ಈಗ ಬಾಯಿ ಬಿದ್ದುಹೋಯ್ತಾ?" ಎಂದು ಗಣಪಯ್ಯ ಗದರಿದರು.

ಅನ್ನಪೂರ್ಣಮ್ಮ ಪೆನ್ನು ಮುಚ್ಚಿ ಕೆಳಗಿಟ್ಟರು.

"ಜಟ್ಟಪ್ಪ," ಎಂದರು ಮೆಲ್ಲಗೆ, "ಸಾರ್ ಕೈ ಹಿಡ್ಕೊ. ಹೊರಗೆ ಮೆಟ್ಟಿಲಿದೆ."

ಮೇಜಿನ ಮೇಲಿನ ಫೋಟೋದಲ್ಲಿ ನೀಲಿ ಬೆಳಕು ಈ ತುದಿಯಿಂದ ಆ ತುದಿಯವರೆಗೆ, ಒಂದಡಿ ಉದ್ದಕ್ಕೂ, ಎಲ್ಲೂ ಕಡಿಯದೆ ಒಂದೇ ಸಮನಾಗಿ ಹರಿದಿತ್ತು.