ತೊಂಬತ್ತೊಂದನೆಯ ದಿನ

ಜಾತಿ ನೋಡಿ ತನ್ನ ಬಡ್ತಿ ತಪ್ಪಿಸಿದ್ದಾರೆಂದು ಕಚೇರಿಯ ಜವಾನಿ ಹುಲಿಗೆಮ್ಮ ದೂರು ಬರೆದಿದ್ದಳು. ತೊಂಬತ್ತು ದಿನದೊಳಗೆ ಅದು ಮೇಲಿನ ಕಚೇರಿಗೆ ಸೇರಬೇಕು. ಸೇರುವುದಾದರೆ ಸಾಹೇಬರ ಸಹಿಯೊಂದಿಗೇ ಸೇರಬೇಕು. ಬಡ್ತಿ ತಪ್ಪಿಸಿದವರೂ ಅದೇ ಸಾಹೇಬರು. ಅವರು ದೂರನ್ನು ಮೇಜಿನ ಖಾನೆಗೆ ತುರುಕಿ, "ನೋಡೋಣ" ಅಂದಿದ್ದರು.

ತೊಂಬತ್ತೊಂದನೆಯ ದಿನ ಅವರೇ ಕರೆದರು. ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದು ಅವಳ ಕಾಲ ಬಳಿ ಬೀಳಿಸಿದರು.

"ಗಡುವು ನಿನ್ನೆಗೇ ಮುಗೀತು. ನಿನ್ನಂಥವ್ರು ಕಸಬರಿಗಿ ಬಿಟ್ಟು ಪೆನ್ನು ಹಿಡದ್ರ ಹಿಂಗ ಆಗ್ತೈತಿ. ತಗೋ, ಇದರಾಗ ಕಡ್ಲಿ ಕಟ್ಕೊಂಡು ತಿನ್ನು."

ಹುಲಿಗೆಮ್ಮ ಬಗ್ಗಿ ಹಾಳೆ ಎತ್ತಿಕೊಂಡಳು.

"ಇದು ಜೆರಾಕ್ಸ್ ರೀ ಸಾಹೇಬ್ರ."

"ಹಂಗಾರ ಅಸಲಿ ಎಲ್ಲೈತಿ?"

"ನಾ ನಿಮಗ ಈ ಜೆರಾಕ್ಸ್ ಕೊಟ್ಟ ಮರುದಿನಾನ ಅದು ಟಪಾಲಿನ್ಯಾಗ ಹೋತ್ರಿ, ನಿಮ್ಮ ಸಹಿ ಸಮೇತ. ನಾಳೆ ವಿಚಾರಣಿಗೆ ಬರ್ತಾರಂತ."

"ಸಹಿ? ನಾ ಯಾವಾಗ ಮಾಡೇನಿ?"

"ದಿನಾ ಸಂಜೀಕ ನಾ ಹಾಳಿ ತಿರುವಿ ಹಿಡೀತೀನಿ, ನೀವು ಫೋನಿನ್ಯಾಗ ಮಾತಾಡ್ಕೋತ ಗೀಚ್ತೀರಿ. ಹನ್ನೆರಡು ವರ್ಷದಾಗ ಒಂದು ಹಾಳಿನಾದ್ರೂ ಓದಿ ಸಹಿ ಮಾಡಿದ್ದು ನಾ ನೋಡಿಲ್ರಿ."